ಮನವಿಯ ಕೆಳಗೆ ಹೆಸರು ಬರೆಯಲು ಹೆದರಬೇಡಿ

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಕಾಲೇಜು ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾಲೇಜು ಜೀವನದಲ್ಲಿ ಆಗಬೇಕಾದ ಬದಲಾವಣೆಗಳ ಕುರಿತು ನೀವು ಸಿದ್ಧಪಡಿಸಿದ ಕರಡು ಮನವಿಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಮೂರು ಪುಟ, ಹನ್ನೊಂದು ಬೇಡಿಕೆಗಳು. ಸಂಜೆಯ ಬಸ್ಸಿನ ವೇಳೆ, ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿ, ಗ್ರಂಥಾಲಯವನ್ನು ತೆರೆದಿಡುವ ಅವಧಿ, ಅಂಕಪಟ್ಟಿಯ ತಿದ್ದುಪಡಿ, ಪೋಷಕರ ಸಭೆಯನ್ನು ಕೆಲಸದ ದಿನದ ಬದಲು ಭಾನುವಾರ ಇಡಬೇಕೆಂಬ ಕೋರಿಕೆ ಇತ್ಯಾದಿ. ಚೆನ್ನಾಗಿ ಬರೆದಿದ್ದೀರಿ. ಆದರೆ ಮೂರನೆಯ ಪುಟದ ಕೊನೆಯಲ್ಲಿ ‘ಇಂತಿ, ವಿದ್ಯಾರ್ಥಿಗಳು’ ಎಂದಷ್ಟೇ ಇದೆ. ಒಂದು ಹೆಸರೂ ಇಲ್ಲ, ಒಂದು ಸಹಿಯೂ ಇಲ್ಲ.

ಏಕೆಂದು ವಿಚಾರಿಸಿದಾಗ ಸಿಕ್ಕಿದ ಉತ್ತರ ಒಂದೇ: “ಮನೆಯಲ್ಲಿ ಬೇಡ ಎಂದಿದ್ದಾರೆ.” ಆದ್ದರಿಂದ ನನ್ನ ಮಾತು ಇಂದು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಅವರ ಹಿಂದಿನ ಸಾಲಿನಲ್ಲಿ ಕುಳಿತಿರುವ ಪೋಷಕರಿಗೆ.

ಹೆತ್ತವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಕಾರಣಗಳಿವೆ. ಉಡುಪಿಯ ಒಂದು ಪದವಿಪೂರ್ವ ಕಾಲೇಜಿನ ತರಗತಿಯಲ್ಲಿ ಆರಂಭವಾದ ತಲೆವಸ್ತ್ರದ ಪ್ರಶ್ನೆ 2022ರ ಫೆಬ್ರವರಿಯ ಹೊತ್ತಿಗೆ ರಾಜ್ಯದುದ್ದಕ್ಕೂ ಹಬ್ಬಿತು. ಫೆಬ್ರವರಿ 5ರಂದು ಸರಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ತಿಂಗಳುಗಳಲ್ಲಿ ಹದಿನೇಳು ಹದಿನೆಂಟರ ಹೆಣ್ಣು ಮಕ್ಕಳು ಟಿವಿ ಕ್ಯಾಮರಾಗಳ ನಡುವೆ ನಡೆದು ಕಾಲೇಜಿಗೆ ಹೋಗಬೇಕಾಯಿತು. ಕೆಲವರು ಪರೀಕ್ಷೆಯನ್ನೇ ಬಿಟ್ಟರು. ಅದನ್ನು ನೋಡಿದ ತಾಯಿಯೊಬ್ಬಳು “ಮಗಳೇ, ನೀನು ಯಾವ ಕಾಗದಕ್ಕೂ ಹೆಸರು ಬರೆಯಬೇಡ, ಓದಿ ಮನೆಗೆ ಬಾ” ಎಂದರೆ ಅದನ್ನು ಹೇಡಿತನ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಆದರೆ ಈ ಮಾತಿನ ಪರಿಣಾಮವೇನು ಎಂಬುದನ್ನೂ ನೋಡೋಣ. ನಮ್ಮ ಮಕ್ಕಳು ಓದಿ ಮನೆಗೆ ಬರುತ್ತಿದ್ದಾರೆಯೇ, ಅಥವಾ ಓದದೆಯೇ ಮನೆಗೆ ಬರುತ್ತಿದ್ದಾರೆಯೇ? ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 14.2. ಆದರೆ ಉನ್ನತ ಶಿಕ್ಷಣದ ಬಗ್ಗೆ ಕೇಂದ್ರ ಸರಕಾರವೇ ನಡೆಸುವ ಸಮೀಕ್ಷೆಯ 2020-21ರ ವರದಿಯಲ್ಲಿ ಕಾಲೇಜುಗಳಲ್ಲಿರುವ ಮುಸ್ಲಿಮ್ ವಿದ್ಯಾರ್ಥಿಗಳ ಪಾಲು ಶೇ. 5ಕ್ಕಿಂತ ಕಡಿಮೆ. ಅದರ ಹಿಂದಿನ ವರ್ಷ 21 ಲಕ್ಷವಿದ್ದ ಸಂಖ್ಯೆ 19.21 ಲಕ್ಷಕ್ಕೆ ಇಳಿದಿತ್ತು. ಅದು ಕೊರೋನಾ ವರ್ಷ, ನಿಜ. ಆದರೆ ಅದೇ ವರ್ಷ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಸಂಖ್ಯೆ ಏರಿತ್ತು.

ಕಾಲೇಜು ಬಿಟ್ಟವರೆಲ್ಲ ದೊಡ್ಡ ಕಾರಣಕ್ಕೆ ಬಿಟ್ಟವರಲ್ಲ. ಬಡತನ ಇದೆ, ಬೇಗನೆ ಮದುವೆ ಮಾಡುವ ಅವಸರ ಇದೆ. ಅವುಗಳ ಬಗ್ಗೆ ಬೇಕಾದಷ್ಟು ಭಾಷಣಗಳಾಗಿವೆ. ಆದರೆ ನಮ್ಮ ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಹುಡುಗಿಯ ಓದು ನಿಲ್ಲಲು ಇನ್ನೂ ಸಣ್ಣ ಕಾರಣ ಸಾಕು. ಕೊನೆಯ ತರಗತಿ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೊರಟಿರುತ್ತದೆ. ಮುಂದಿನ ಬಸ್ಸು ಹಿಡಿದರೆ ತಿರುವಿನಲ್ಲಿ ಇಳಿಯುವಾಗ ಕತ್ತಲೆ. ಮಳೆಗಾಲದಲ್ಲಿ ಆ ಕತ್ತಲೆ ಇನ್ನೂ ಬೇಗ. ಅಲ್ಲಿಂದ ಮನೆಗೆ ಕಾಡಿನ ನಡುವೆ ನಡಿಗೆ. ಒಂದು ವರ್ಷ ತಂದೆ ತಿರುವಿನಲ್ಲಿ ಟಾರ್ಚು ಹಿಡಿದು ಕಾಯುತ್ತಾನೆ. ಎರಡನೆಯ ವರ್ಷ, “ಸಾಕು ಬಿಡು” ಎನ್ನುತ್ತಾನೆ. ವಾನಳ್ಳಿಯ ಕಡೆಯಿಂದ ಶಿರಸಿಗೆ ಬರುವ ಮಕ್ಕಳಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಅಡಿಕೆ ತೋಟದ ಮನೆಯ ಮಗಳಿಗೂ, ಯಲ್ಲಾಪುರದ ಕಾಡಂಚಿನ ಸಿದ್ದಿ ಕುಟುಂಬದ ಮಗಳಿಗೂ, ಪೇಟೆಯ ಅಂಚಿನಲ್ಲಿರುವ ನಮ್ಮ ಮಕ್ಕಳಿಗೂ ಬಸ್ಸು ಒಂದೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಮಹಿಳೆಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಹೆಣ್ಣು ಮಕ್ಕಳ ಪಾಸಿನ ಹಣ ಉಳಿಯಿತು, ದೊಡ್ಡ ಉಪಕಾರವೇ ಸರಿ. ಆದರೆ ಟಿಕೆಟು ಉಚಿತವಾದ ಮಾತ್ರಕ್ಕೆ ಬಸ್ಸು ಕಾಲೇಜು ಬಿಡುವ ಹೊತ್ತಿಗೆ ಬರುವುದಿಲ್ಲ. ನಿಮ್ಮ ಕರಡಿನಲ್ಲಿ ‘ಹೆಚ್ಚುವರಿ ಬಸ್ಸು ಬಿಡಬೇಕು’ ಎಂದಿದೆ. ಇದನ್ನು ಪ್ರತಿ ವರ್ಷ ಪ್ರತಿ ತಾಲೂಕಿನ ವಿದ್ಯಾರ್ಥಿಗಳು ಬರೆಯುತ್ತಾರೆ. ಬಸ್ಸಿಲ್ಲ, ಚಾಲಕರಿಲ್ಲ ಎಂಬ ಉತ್ತರವೂ ಪ್ರತಿ ವರ್ಷ ಬರುತ್ತದೆ. ಹೀಗೆ ಬರೆದು ನೋಡಿ: ಎರಡು ವಾರ, ಪ್ರತಿದಿನ, ಯಾವ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ವಿದ್ಯಾರ್ಥಿಗಳು ಹತ್ತಿದರು, ಎಷ್ಟು ಮಂದಿ ಉಳಿದರು, ಯಾವ ಊರಿನವರು ಎಂದು ಒಂದು ನೋಟುಪುಸ್ತಕದಲ್ಲಿ ದಾಖಲಿಸಿ. ಆ ಲೆಕ್ಕವನ್ನು ಎರಡು ಕಡೆ ಕೊಡಿ. ಒಂದು, ಶಿರಸಿಯಲ್ಲೇ ಇರುವ ವಾಯವ್ಯ ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಗೆ. ಇನ್ನೊಂದು, ನಿಮ್ಮ ಪ್ರಾಂಶುಪಾಲರಿಗೆ. ಏಕೆಂದರೆ ಬಸ್ಸನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಲು ಆಗದಿದ್ದರೂ ಕೊನೆಯ ತರಗತಿಯನ್ನು ಅರ್ಧ ಗಂಟೆ ಮೊದಲು ಮುಗಿಸಲು ಆಗುತ್ತದೆ. ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ, ಬೆಂಗಳೂರಿನ ಅನುಮತಿಯೂ ಬೇಡ. ವೇಳಾಪಟ್ಟಿ ಬರೆಯುವವರ ಮೇಜಿನ ಮೇಲೆ ಆ ನೋಟುಪುಸ್ತಕ ಇರಬೇಕು, ಅಷ್ಟೇ.

ಬೇಡಿಕೆಗೂ ಪ್ರಸ್ತಾವಕ್ಕೂ ಇರುವ ಅಂತರ ಇದು. ಬೇಡಿಕೆ ‘ನಮಗೆ ಕೊಡಿ’ ಎನ್ನುತ್ತದೆ. ಪ್ರಸ್ತಾವ, ಎಲ್ಲಿ ತೊಡಕಾಗಿದೆ, ಅದನ್ನು ಯಾರು ಯಾವ ಅಧಿಕಾರದಿಂದ ಬಿಡಿಸಬಲ್ಲರು ಎಂಬುದನ್ನು ತಾನೇ ಹುಡುಕಿ ತೋರಿಸುತ್ತದೆ.

ನಮ್ಮ ನೆರೆಯ ಕೇರಳದ ಉದಾಹರಣೆ ಕೇಳಿ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವು ಮುಟ್ಟಿನ ದಿನಗಳ ಕಷ್ಟವನ್ನು ವಿಶ್ವವಿದ್ಯಾಲಯದ ಮುಂದೆ ಇಟ್ಟಿತು. ಸಭೆಯಲ್ಲಿ ಈ ವಿಷಯ ಎತ್ತಿದ್ದಕ್ಕೆ ಹಿರಿಯರು ಕ್ಷಮಿಸಬೇಕು. ನಿಮ್ಮ ಹೆಣ್ಣು ಮಕ್ಕಳು ಕರಡಿನಲ್ಲಿ ಇದನ್ನು ‘ಆರೋಗ್ಯದ ಕಾರಣ’ ಎಂಬ ಎರಡು ಪದಗಳ ಹಿಂದೆ ಮುಚ್ಚಿಟ್ಟಿರುವುದರಿಂದ ನಾನು ತೆರೆದು ಹೇಳುತ್ತಿದ್ದೇನೆ. ಆ ವಿದ್ಯಾರ್ಥಿಗಳು ‘ತಿಂಗಳಿಗೆ ಇಷ್ಟು ದಿನ ರಜೆ ಕೊಡಿ’ ಎಂದು ಕೇಳಲಿಲ್ಲ. ಪರೀಕ್ಷೆಗೆ ಕೂರಲು ಶೇ. 75ರ ಹಾಜರಿ ಬೇಕೆಂಬ ನಿಯಮವನ್ನು ಓದಿದರು. ಒಬ್ಬೊಬ್ಬರ ಹಾಜರಿಯ ಲೆಕ್ಕ ಒಂದೊಂದು ರೀತಿ ಇರುವುದನ್ನು ಕಂಡು, ದಿನಗಳ ಬದಲು ಶೇಕಡಾವಾರು ರಿಯಾಯಿತಿಯ ದಾರಿ ಹಿಡಿದರು. 2023ರ ಜನವರಿಯಲ್ಲಿ ವಿಶ್ವವಿದ್ಯಾಲಯವು ಪ್ರತಿ ಸೆಮಿಸ್ಟರಿನಲ್ಲಿ ವಿದ್ಯಾರ್ಥಿನಿಯರಿಗೆ ಹಾಜರಿಯಲ್ಲಿ ಶೇ. 2ರ ಹೆಚ್ಚುವರಿ ವಿನಾಯಿತಿ ನೀಡಿ ಆದೇಶ ಹೊರಡಿಸಿತು. ಅದೇ ತಿಂಗಳು ಕೇರಳ ಸರಕಾರವು ಇದನ್ನು ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೆ ವಿಸ್ತರಿಸುವುದಾಗಿ ಪ್ರಕಟಿಸಿತು. ಶೇ. 2 ಎಂದರೆ ಕೇಳಲು ಅಲ್ಪ. ಆದರೆ ಹಾಜರಿ 73ರಲ್ಲಿ ನಿಂತು ಪರೀಕ್ಷೆಯ ಪ್ರವೇಶಪತ್ರ ತಪ್ಪಿಹೋಗುವ ಹುಡುಗಿಗೆ ಅದು ಒಂದು ವರ್ಷ.

ಕೇರಳದ್ದೇ ಇನ್ನೊಂದು ಪ್ರಕರಣ ಇನ್ನೂ ಹತ್ತಿರದ್ದು. ಕೋಝಿಕ್ಕೋಡು ಜಿಲ್ಲೆಯ ಚೇಳನ್ನೂರಿನ ಶ್ರೀನಾರಾಯಣ ಗುರು ಕಾಲೇಜಿನ ಮಹಿಳಾ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಫೋನನ್ನು ವಾರ್ಡನ್‌ಗೆ ಒಪ್ಪಿಸಬೇಕೆಂಬ ನಿಯಮ ಬಂತು. ಬಿ.ಎ. ಓದುತ್ತಿದ್ದ ಒಬ್ಬ ಮುಸ್ಲಿಮ್ ವಿದ್ಯಾರ್ಥಿನಿ, ಪಾಠದ ಸಾಮಗ್ರಿ ಹುಡುಕಿ ಓದುವ ಹೊತ್ತೇ ಅದು ಎಂದು ಒಪ್ಪಲಿಲ್ಲ. ಹಾಸ್ಟೆಲಿನಿಂದ ಹೊರಹಾಕಲ್ಪಟ್ಟಳು. ಅವಳು ಗಲಾಟೆ ಮಾಡಲಿಲ್ಲ, ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿ, ಅವಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿದರು. ಜೊತೆಗೆ, ಫೋನಿನ ಬಳಕೆಯಿಂದ ಇತರ ವಿದ್ಯಾರ್ಥಿನಿಯರಿಗೆ ತೊಂದರೆಯಾಗಬಾರದು ಎಂದೂ ಹೇಳಿದರು. ಈ ಎರಡನೆಯ ಮಾತನ್ನು ಯುವಕರು ಮರೆಯುತ್ತಾರೆ, ಮೊದಲನೆಯದನ್ನು ಹಿರಿಯರು ಮರೆಯುತ್ತಾರೆ.

ದೂರದ ಕೇರಳವೇ ಏಕೆ, ವಾನಳ್ಳಿಯ ಕಡೆಯವರಿಗೆ ಸಾಲ್ಕಣಿಯ ಹೆಸರು ಹೊಸದಲ್ಲ. 1983ರಲ್ಲಿ ಹುಲೇಕಲ್ ವಲಯದ ಅರಣ್ಯದಲ್ಲಿ ಮರ ಕಡಿತ ನಡೆಯುತ್ತಿದ್ದಾಗ ಆ ಭಾಗದ ಜನರು ಮೊದಲು ಅರಣ್ಯ ಇಲಾಖೆಗೆ ಮನವಿ ಮಾಡಿದರು. ಇಲಾಖೆ ಕಿವಿಗೊಡಲಿಲ್ಲ. ಸೆಪ್ಟೆಂಬರ್ 8ರಂದು ಅವರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರೊಂದಿಗೆ ಆ ದಿನ ಹೊರಟವರಲ್ಲಿ ಹಳ್ಳಿಯ ಯುವಕರೂ ಹೆಂಗಸರೂ ಇದ್ದರು. ಅಪ್ಪಿಕೋ ಎಂದು ಜಗತ್ತು ಅದನ್ನು ಕೊಂಡಾಡಿತು. ನಾವೆಲ್ಲ ಮರವನ್ನು ಅಪ್ಪಿಕೊಂಡ ಚಿತ್ರವನ್ನು ನೆನಪಿಡುತ್ತೇವೆ, ಅದಕ್ಕೆ ಮುಂಚಿನ ಮನವಿಯನ್ನು ನೆನಪಿಡುವುದಿಲ್ಲ. ಮೊದಲು ಕೇಳಿದ್ದರಿಂದಲೇ, ಆಮೇಲೆ ಕಾಡಿಗೆ ಹೋದಾಗ ಅವರನ್ನು ಪುಂಡರೆಂದು ಕರೆಯುವುದು ಸುಲಭವಾಗಲಿಲ್ಲ.

ಇನ್ನು ‘ಕೇಳಿದರೆ ಯಾರು ಕೇಳಿಸಿಕೊಳ್ಳುತ್ತಾರೆ’ ಎಂಬ ಪ್ರಶ್ನೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳಿಗೆ ನೇರ ಚುನಾವಣೆ ನಿಂತು ಮೂರು ದಶಕಗಳೇ ಕಳೆದಿವೆ. ಹೊಡೆದಾಟ, ಹಣ, ಪಕ್ಷಗಳ ಹಸ್ತಕ್ಷೇಪ ಎಂಬ ಕಾರಣ ಹೇಳಲಾಗುತ್ತದೆ. ಅದನ್ನು ತಡೆಯುವ ದಾರಿಯೂ ಇತ್ತು. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚಿತವಾದ ಲಿಂಗ್ಡೋ ಸಮಿತಿ 2006ರಲ್ಲಿ ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಶೇ. 75ರ ಹಾಜರಿ ಇರಬೇಕು, ಮುದ್ರಿತ ಭಿತ್ತಿಪತ್ರ ಸಲ್ಲದು, ಕೈಬರಹದ್ದು ಮಾತ್ರ ಎಂದು ಶಿಫಾರಸು ಮಾಡಿತ್ತು. ನಮ್ಮಲ್ಲಿ ಅದಕ್ಕೂ ಧೈರ್ಯ ಸಾಲಲಿಲ್ಲ. ಪರಿಣಾಮವಾಗಿ, ತರಗತಿಗೆ ಒಬ್ಬ ಪ್ರತಿನಿಧಿಯನ್ನು ಅಧ್ಯಾಪಕರು ಹೆಸರಿಸುತ್ತಾರೆ, ಅವನು ವಾರ್ಷಿಕೋತ್ಸವದ ಕುರ್ಚಿ ಜೋಡಿಸುತ್ತಾನೆ. ವಿದ್ಯಾರ್ಥಿಗಳನ್ನು ಕೇಳದೆ ನಿರ್ಧರಿಸುವ ಅಭ್ಯಾಸ ಎಷ್ಟು ಬೇರೂರಿದೆ ಎಂದರೆ, 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷವಾಯಿತು. ಎರಡು ಪಕ್ಷಗಳ ಸರಕಾರಗಳು ಪರಸ್ಪರ ಉತ್ತರ ಕೊಟ್ಟುಕೊಂಡವು. ನಡುವೆ ಸಿಕ್ಕಿ ಪಠ್ಯಕ್ರಮ ಬದಲಾಯಿಸಿಕೊಂಡವರು ನಮ್ಮ ಮಕ್ಕಳು.

ಆದರೆ ಚುನಾವಣೆ ಇಲ್ಲವೆಂದು ಎಲ್ಲ ಬಾಗಿಲುಗಳೂ ಮುಚ್ಚಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯು.ಜಿ.ಸಿ.ಯ 2023ರ ನಿಯಮಾವಳಿಯ ಪ್ರಕಾರ ಪ್ರತಿಯೊಂದು ಕಾಲೇಜಿನಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತ. ಸಮಿತಿಯಲ್ಲಿ ಒಬ್ಬ ಮಹಿಳೆಯಾದರೂ, ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದ ಒಬ್ಬರಾದರೂ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ವಿಶ್ವವಿದ್ಯಾಲಯ ಮಟ್ಟದಲ್ಲಿರುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಮೂಲ ಅಂಕಪಟ್ಟಿಯನ್ನು ತಡೆಹಿಡಿಯುವುದು, ವಿದ್ಯಾರ್ಥಿವೇತನ ವಿಳಂಬಿಸುವುದು, ಸೌಲಭ್ಯ ಒದಗಿಸದಿರುವುದು ಎಲ್ಲವೂ ಅಲ್ಲಿಗೆ ಒಯ್ಯಬಹುದಾದ ವಿಷಯಗಳೇ. ಸುಳ್ಳು ದೂರು ಕೊಟ್ಟರೆ ದೂರುದಾರನ ಮೇಲೂ ಕ್ರಮ ಬರಬಹುದು. ಆದ್ದರಿಂದ ಕೋಪದಲ್ಲಿ ಬರೆಯಬೇಡಿ.

ಪೋಷಕರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ರ‍್ಯಾಗಿಂಗ್ ತಡೆಯಲು 2009ರಲ್ಲಿ ಬಂದ ನಿಯಮಾವಳಿಯ ಸಮಿತಿಯಲ್ಲಿ ಹೊಸ ವಿದ್ಯಾರ್ಥಿಗಳ ಪ್ರತಿನಿಧಿಗಳ ಜೊತೆ ಪೋಷಕರ ಪ್ರತಿನಿಧಿಗಳಿಗೂ ಸ್ಥಾನವಿದೆ. ಲೈಂಗಿಕ ಕಿರುಕುಳದ ದೂರುಗಳಿಗಾಗಿ 2015ರ ನಿಯಮಾವಳಿ ರೂಪಿಸಿದ ಆಂತರಿಕ ಸಮಿತಿಯಲ್ಲಿ, ವಿಷಯವು ವಿದ್ಯಾರ್ಥಿಗಳದ್ದಾದಾಗ, ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ನಿಮ್ಮ ಮಗಳ ಕಾಲೇಜಿನಲ್ಲಿ ಈ ಸಮಿತಿಗಳಲ್ಲಿ ಯಾರಿದ್ದಾರೆ? ಹೆಸರುಗಳು ನೋಟಿಸ್ ಬೋರ್ಡಿನಲ್ಲಿವೆಯೇ? ಮಗಳ ಮದುವೆಗೆ ಹುಡುಗನ ಮೂರು ತಲೆಮಾರು ವಿಚಾರಿಸುವ ನಾವು, ಅವಳು ಮೂರು ವರ್ಷ ಕಳೆಯುವ ಕಾಲೇಜಿನ ಬಗ್ಗೆ ಶುಲ್ಕವೆಷ್ಟು ಎಂಬುದನ್ನಷ್ಟೇ ವಿಚಾರಿಸುತ್ತೇವೆ. ಸರಕಾರಿ ಕಾಲೇಜಾದರೆ ಮಾಹಿತಿ ಹಕ್ಕಿನ ಕಾಯ್ದೆಯೂ ಇದೆ. 10 ರೂಪಾಯಿಯ ಶುಲ್ಕ, 30 ದಿನಗಳ ಗಡುವು. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಈ ಕಾಯ್ದೆಯಡಿ ಇದೆ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಒಂದು ಅಂಕದ ತಿದ್ದುಪಡಿಗೆ ಧಾರವಾಡದವರೆಗೆ ಅಲೆಯುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬಸ್ಸು, ಹಾಸ್ಟೆಲು, ಹಾಜರಿ ಎಂಬ ಕ್ಷುಲ್ಲಕ ಸಂಗತಿಗಳಿಗೆ ಇಷ್ಟು ಮಹತ್ವ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನೂರು ವರ್ಷ ಹಿಂದಕ್ಕೆ ಹೋಗೋಣ. ಕೊರ್ಡೋಬಾ ಎಂಬ ನಗರ. ನಾವು ಅಭಿಮಾನದಿಂದ ನೆನೆಯುವ ಸ್ಪೇನಿನ ಕುರ್ತುಬಾ ಅಲ್ಲ, ಅದೇ ಹೆಸರು ಹೊತ್ತ ಅರ್ಜೆಂಟೀನಾದ ನಗರ. ಅಲ್ಲಿನ ವಿಶ್ವವಿದ್ಯಾಲಯ 1613ರಷ್ಟು ಹಳೆಯದು. 1917ರ ಕೊನೆಯಲ್ಲಿ ವೈದ್ಯ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಉಳಿದುಕೊಳ್ಳುವ ವ್ಯವಸ್ಥೆಯನ್ನು ರದ್ದುಪಡಿಸಲಾಯಿತು. ವಸತಿಯ ಆ ತಗಾದೆ, ಹಾಜರಿಯ ನಿಯಮದ ತಗಾದೆಯೊಂದಿಗೆ ಸೇರಿ, 1918ರ ಜೂನ್ ತಿಂಗಳಲ್ಲಿ ವಿದ್ಯಾರ್ಥಿಗಳ ಪ್ರಸಿದ್ಧ ಘೋಷಣಾಪತ್ರವಾಯಿತು. ವಿಶ್ವವಿದ್ಯಾಲಯದ ಆಡಳಿತದಲ್ಲಿ ವಿದ್ಯಾರ್ಥಿಗಳಿಗೆ ಪಾಲು ಬೇಕು, ಪ್ರಾಧ್ಯಾಪಕರ ನೇಮಕ ಸ್ಪರ್ಧೆಯ ಮೂಲಕ ಆಗಬೇಕು ಎಂದರು. ಅಧ್ಯಕ್ಷ ಇರಿಗೋಯೆನ್ ಅವರ ಸರಕಾರ ಮಧ್ಯಪ್ರವೇಶಿಸಿ ಸುಧಾರಣೆಗೆ ಒಪ್ಪಿತು. ಅಲ್ಲಿಂದ ಅದು ಪೆರು ಮೊದಲಾದ ದೇಶಗಳಿಗೆ ಹಬ್ಬಿತು.

ಈಗ ನಿಮ್ಮ ಕರಡಿಗೆ ಮರಳುತ್ತೇನೆ. ಹನ್ನೊಂದರಲ್ಲಿ ಮೂರನ್ನು ತೆಗೆದುಹಾಕಿ. ‘ಕಾಲೇಜಿನ ವಾತಾವರಣ ಸುಧಾರಿಸಬೇಕು’ ಎಂಬುದಕ್ಕೆ ಯಾವ ಪ್ರಾಂಶುಪಾಲರೂ ‘ಆಗಲಿ’ ಎಂದು ಹೇಳಿ ಮರೆಯಬಹುದು. ‘ಅಧ್ಯಾಪಕರು ಗೌರವದಿಂದ ನಡೆದುಕೊಳ್ಳಬೇಕು’ ಎಂಬುದು ಸರಿಯಾದ ಮಾತು, ಆದರೆ ಯಾವ ಸಂದರ್ಭ, ಯಾವ ಮಾತು ಎಂದು ಹೇಳದೆ ಬರೆದರೆ ಒಳ್ಳೆಯ ಅಧ್ಯಾಪಕರೂ ನಿಮ್ಮಿಂದ ದೂರವಾಗುತ್ತಾರೆ. ಕ್ಯಾಂಟೀನಿನ ಚಹಾದ ಬೆಲೆಯನ್ನು ಗುತ್ತಿಗೆದಾರನೊಂದಿಗೆ ಮಾತಾಡಿ ಮುಗಿಸಬಹುದು, ಅದಕ್ಕೆ ಮನವಿ ಬೇಡ. ಶುಕ್ರವಾರ ಮಧ್ಯಾಹ್ನದ ಬಿಡುವಿನ ಕೋರಿಕೆಯನ್ನು ಏಳನೆಯ ಅಂಶದ ಒಳಗೆ ಅರೆಮರೆಯಾಗಿ ಸೇರಿಸಿದ್ದೀರಿ. ಅದು ಬೇಡ. ಬೇಕಿದ್ದರೆ ಊಟದ ವಿರಾಮವನ್ನು ಎಷ್ಟು ನಿಮಿಷ ಹೊಂದಿಸಿದರೆ ಯಾರ ಪಾಠವೂ ತಪ್ಪುವುದಿಲ್ಲ ಎಂದು ಲೆಕ್ಕ ಹಾಕಿ, ಪ್ರತ್ಯೇಕ ಪತ್ರದಲ್ಲಿ ನೇರವಾಗಿ ಕೇಳಿ. ಮುಚ್ಚುಮರೆ ಮಾಡಿದರೆ ಇಲ್ಲದ ಅನುಮಾನ ಹುಟ್ಟುತ್ತದೆ.

ಉಳಿದ ಅಂಶಗಳಲ್ಲಿ ಯಾವುದೂ ಮುಸ್ಲಿಮರದ್ದು ಮಾತ್ರ ಅಲ್ಲ. ಹಾಗಿರುವಾಗ ಸಹಿಗಳೂ ನಮ್ಮವರದ್ದು ಮಾತ್ರ ಇರಬಾರದು. 2022ರಲ್ಲಿ ಒಂದು ಕಾಲೇಜಿನ ಪ್ರಶ್ನೆ ವಿದ್ಯಾರ್ಥಿಗಳ ಕೈಯಿಂದ ಜಾರಿ, ಗೇಟಿನ ಹೊರಗೆ ನಿಂತವರ ಕೈಗೆ ಹೋಯಿತು. ಆಮೇಲೆ ಆ ಹುಡುಗಿಯರ ಪಕ್ಕದ ಬೆಂಚಿನವರಿಗೂ ಮಾತಾಡಲು ಅವಕಾಶ ಉಳಿಯಲಿಲ್ಲ. ಅದೇ ಬಸ್ಸಿನಲ್ಲಿ ನಿಮ್ಮೊಂದಿಗೆ ನೇತಾಡಿಕೊಂಡು ಬರುವ ಹವ್ಯಕರ ಹುಡುಗ, ನಾಮಧಾರಿ ಹುಡುಗಿ, ಸಿದ್ದಿ ಗೆಳೆಯ ಎಲ್ಲರ ಬಳಿಯೂ ಈ ಕಾಗದ ಹೋಗಲಿ. ಅವರು ಸಹಿ ಹಾಕುವ ಮುನ್ನ ಒಂದೆರಡು ವಾಕ್ಯ ತಿದ್ದಲು ಬಯಸಿದರೆ ತಿದ್ದಲಿ. ಹೊರಗಿನ ಯಾವ ಸಂಘಟನೆಯ ಲೆಟರ್‌ಹೆಡ್ಡೂ ಬೇಡ, ನಮ್ಮದೂ ಬೇಡ.

ಪೋಷಕರೇ, ನಿಮ್ಮ ಹೆದರಿಕೆಗೆ ಇದರಲ್ಲೇ ಉತ್ತರವಿದೆ ಎಂದು ನಾನು ಭಾವಿಸುತ್ತೇನೆ. ಒಂಟಿ ಹೆಸರು ಅಪಾಯಕ್ಕೆ ಸಿಲುಕಬಹುದು. ನೂರು ಹೆಸರುಗಳ ನಡುವಿನ ಹೆಸರನ್ನು ಬೊಟ್ಟು ಮಾಡುವುದು ಅಷ್ಟು ಸುಲಭವಲ್ಲ. ಹೆಸರೇ ಇಲ್ಲದ ಮನವಿಯನ್ನು ಕಚೇರಿಯಲ್ಲಿ ಅನಾಮಧೇಯ ಪತ್ರವೆಂದು ಬದಿಗಿಡುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಬರೆದವರು ಯಾರೆಂದು ಹುಡುಕಲು ಹೊರಡುತ್ತಾರೆ. ಆಗ ಬರೆಯದವನ ಮೇಲೂ ಅನುಮಾನ ಬೀಳುತ್ತದೆ. ಮಕ್ಕಳ ಸಹಿಯ ಪಕ್ಕದಲ್ಲಿ ಒಂದು ಅಂಕಣ ಎಳೆದು ‘ಪೋಷಕರ ಸಹಿ’ ಎಂದು ಬರೆಯಿರಿ. ರಜಾ ಅರ್ಜಿಗೆ, ಪ್ರವಾಸದ ಒಪ್ಪಿಗೆಗೆ ಸಹಿ ಹಾಕುತ್ತೀರಿ. ಇದಕ್ಕೂ ಹಾಕಿ. ತಾಯಂದಿರು ಹೆಬ್ಬೆಟ್ಟು ಒತ್ತಿದರೂ ಅದು ಸಹಿಯೇ.

ಸೋಮವಾರದಿಂದ ಬಸ್ಸಿನ ಲೆಕ್ಕ ಆರಂಭಿಸಿ. ನೋಟುಪುಸ್ತಕ ಒಬ್ಬನ ಕೈಯಲ್ಲೇ ಇರುವುದು ಬೇಡ. ವಾನಳ್ಳಿ ಕಡೆಯ ಬಸ್ಸಿಗೆ ಒಬ್ಬರು, ಸಿದ್ದಾಪುರದ ಕಡೆಗೆ ಒಬ್ಬರು, ಯಲ್ಲಾಪುರದ ಕಡೆಗೆ ಒಬ್ಬರು, ಅವರಲ್ಲಿ ಇಬ್ಬರು ವಿದ್ಯಾರ್ಥಿನಿಯರಾಗಿರಲಿ. ಗಂಟೆಯನ್ನು ನಿಮಿಷ ಸಹಿತ ಬರೆಯಿರಿ. ಬಸ್ಸು ಸಮಯಕ್ಕೆ ಬಂದ ದಿನವನ್ನೂ ಬಿಡದೆ ಬರೆಯಿರಿ. ಹದಿನೈದನೆಯ ದಿನ ಮನವಿಯೊಂದಿಗೆ ಅದರ ನಕಲನ್ನು ಸೇರಿಸಿ ಪ್ರಾಂಶುಪಾಲರಿಗೂ ವಿಭಾಗೀಯ ಕಚೇರಿಗೂ ಕೊಡಿ. ಕೊಟ್ಟಿದ್ದಕ್ಕೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಕೊಡಲು ಹೋಗುವ ದಿನ ವಿದ್ಯಾರ್ಥಿಗಳ ಜೊತೆ ಇಬ್ಬರು ತಂದೆಯರು ಮತ್ತು ಒಬ್ಬ ತಾಯಿ ಬರಬೇಕು. ಯಾರು ಬರುತ್ತೀರಿ ಎಂದು ಚಹಾಕ್ಕೆ ಏಳುವ ಮುನ್ನ ಇಲ್ಲಿಯೇ ಹೇಳಿ, ಅಧ್ಯಕ್ಷರು ಹೆಸರು ಬರೆದುಕೊಳ್ಳುತ್ತಾರೆ.